ರೀಪರ್: ಭಜನೆ ಪದಗಳ ಕೊನೆಯ ಮಿಕ್ಸ್ ತೆಗೆಯಲು ನನ್ನ ಆಯ್ಕೆ

ರಾಯಚೂರಿನಲ್ಲಿ ಮನೆಯ ಮಹಡಿ ಮೇಲಿನ ಕೋಣೆಯೇ ನನ್ನ ಸ್ಟುಡಿಯೋ. ಬರುವವರು ಹೆಚ್ಚಾಗಿ ಮಾನ್ವಿ, ಸಿಂಧನೂರು ಕಡೆಯ ಭಜನಾ ಮಂಡಳಿಯವರು. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ, ಹಿಮ್ಮೇಳದ ದನಿ ಎಲ್ಲ ಸೇರಿ ಹತ್ತು ಹನ್ನೆರಡು ಟ್ರ್ಯಾಕ್ (ಬೇರೆ ಬೇರೆ ರೆಕಾರ್ಡಿಂಗ್) ಆಗುತ್ತವೆ. ಅಷ್ಟನ್ನೂ ಎಡ, ಬಲ ಎರಡೇ ಚಾನೆಲ್ಲಿನ ಒಂದು ಫೈಲ್ ಮಾಡಿ ಕೊಡಬೇಕು. ಈ ಕೆಲಸದಲ್ಲಿ, ಕಂಪ್ಯೂಟರಿನಲ್ಲಿ ದನಿ ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಸಾಫ್ಟ್‌ವೇರ್ ಆದ ರೀಪರ್‌ನಷ್ಟು ಹಿಡಿತ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಕಂಟ್ರೋಲ್, ಆಲ್ಟ್, ಆರ್ ಒಟ್ಟಿಗೆ ಒತ್ತಿದರೆ ರೆಂಡರ್, ಅಂದರೆ ಎಲ್ಲ ಟ್ರ್ಯಾಕ್ ಸೇರಿಸಿ ಒಂದು ಫೈಲ್ ಬರೆಯುವ ವಿಂಡೋ ಬರುತ್ತದೆ. ಹೊಸಬರಿಗೆ ಇಷ್ಟೊಂದು ಆಯ್ಕೆ ಯಾಕಪ್ಪಾ ಅನಿಸೋದು ಸಹಜ. ಸೋರ್ಸ್‌ನಲ್ಲಿ 'ಮಾಸ್ಟರ್ ಮಿಕ್ಸ್' (ಎಲ್ಲ ಟ್ರ್ಯಾಕ್ ಕೊನೆಗೆ ಸೇರುವ ಜಾಗ), ಬೌಂಡ್ಸ್‌ನಲ್ಲಿ 'ಟೈಮ್ ಸೆಲೆಕ್ಷನ್' (ನೀವು ಗುರುತು ಮಾಡಿದ ಭಾಗ) ಇಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಆದರೆ 'ಟೇಲ್' ಅನ್ನುವ ಚಿಕ್ಕ ಚೌಕವನ್ನು ಬಿಡಬೇಡಿ. ಪದ ಮುಗಿದ ಮೇಲೂ ತಾಳದ ಗುಂಗು, ಮಾರ್ದನಿ ಕೊಡುವ ರಿವರ್ಬ್‌ನ ಮೊಳಗು ಸ್ವಲ್ಪ ಹೊತ್ತು ಉಳಿಯುತ್ತದಲ್ವಾ? ಟೇಲ್ ಹಾಕದಿದ್ದರೆ ಅದು ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ನಾನು 3000 ಮಿಲಿಸೆಕೆಂಡ್, ಅಂದರೆ ಮೂರು ಸೆಕೆಂಡ್ ಕೊಡುತ್ತೇನೆ. ಹೀಗೆ ತೆಗೆದ ಒಂದು ಪದ ಕೇಳಿ ಮಂಡಳಿಯ ಹಿರಿಯರೊಬ್ಬರು, "ತಮ್ಮಾ, ತಾಳದ ದನಿ ಕಡೀತನಕ ಕೇಳ್ತದ ನೋಡು" ಅಂದರು. ನನಗೆ ಅದಕ್ಕಿಂತ ಬೇರೆ ಸರ್ಟಿಫಿಕೇಟ್ ಬೇಕಿಲ್ಲ.

ಮಿಕ್ಸ್ ತೆಗೆಯುವ ದಾರಿ ಒಂದೇ ಅಲ್ಲ. 'ಫುಲ್ ಸ್ಪೀಡ್ ಆಫ್‌ಲೈನ್' ಇಟ್ಟರೆ ಕಂಪ್ಯೂಟರಿನ ಶಕ್ತಿ ಇದ್ದಷ್ಟು ವೇಗದಲ್ಲಿ ಕೆಲಸ ಆಗುತ್ತದೆ. ಎಂಟು ನಿಮಿಷದ ಪದಕ್ಕೆ ಎಂಟು ನಿಮಿಷ ಕಾಯಬೇಕಿಲ್ಲ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಅಂತ ಕೂರುವವರಿಗೆ ಇದು ದೊಡ್ಡ ಅನುಕೂಲ. 'ಆನ್‌ಲೈನ್ ರೆಂಡರ್' ಅಂದರೆ ಇಂಟರ್ನೆಟ್ ಅಲ್ಲ, ಹಾಡು ನುಡಿಯುವ ವೇಗದಲ್ಲೇ ನಡೆಯುವ ರೆಂಡರ್. ದನಿಯ ಏರಿಳಿತ ತಗ್ಗಿಸುವ ಹೊರಗಿನ ಕಂಪ್ರೆಸರ್, ರಿವರ್ಬ್ ಪೆಟ್ಟಿಗೆ ಜೋಡಿಸಿದ್ದರೆ ಇದೇ ಬೇಕು. ಆ ಪೆಟ್ಟಿಗೆಗೆ ಬೇಗ ಓಡು ಅಂತ ಹೇಳೋಕಾಗಲ್ಲ.

ಇನ್ನೊಂದು ದಾರಿ, ಎಲ್ಲ ಟ್ರ್ಯಾಕ್ ಒಂದು ಫೋಲ್ಡರ್‌ಗೆ ಹಾಕಿ, ಆ ಫೋಲ್ಡರ್ ಟ್ರ್ಯಾಕ್‌ನ ರೆಕಾರ್ಡ್ ಮೋಡ್ ಅನ್ನು ಸ್ಟೀರಿಯೋ ಔಟ್‌ಪುಟ್‌ಗೆ ಬದಲಿಸಿ, ನುಡಿಸುತ್ತಲೇ ರೆಕಾರ್ಡ್ ಮಾಡೋದು. ಒಳಗಿನ ಟ್ರ್ಯಾಕ್‌ಗಳ ಫೇಡರನ್ನು ಕೈಯಿಂದಲೇ ಏರಿಸಿ ಇಳಿಸುವವರಿಗೆ ಇದು ಚೆನ್ನ. ಆದರೆ ಮಾಸ್ಟರ್ ಮೇಲೆ ಹಾಕಿದ, ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ಇದರಲ್ಲಿ ಬರೋದಿಲ್ಲ. ಹಾಗಾಗಿ ಕೊನೆಯ ಫೈಲಿಗೆ ನಾನು ರೆಂಡರ್ ಅನ್ನೇ ನಂಬುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು 'ಡ್ರೈ ರನ್'. ಫೈಲ್ ಬರೆಯದೆ ಸುಮ್ನೆ ಒಂದು ಸಲ ಓಡಿಸಿ ಪೀಕ್ (ದನಿಯ ಅತಿ ಎತ್ತರದ ಮಟ್ಟ) ಎಷ್ಟು, ಎಲ್‌ಯುಎಫ್‌ಎಸ್ (ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ) ಎಷ್ಟು ಅಂತ ತೋರಿಸುತ್ತದೆ. ಯೂಟ್ಯೂಬ್ -14 ಎಲ್‌ಯುಎಫ್‌ಎಸ್‌ಗಿಂತ ಜೋರಾದದ್ದನ್ನು ತಾನೇ ತಗ್ಗಿಸುತ್ತದೆ. ಹಾಗಿದ್ದಾಗ ಲಿಮಿಟರಿನಲ್ಲಿ ಹಿಂಡಿ ತಬಲಾದ ಪೆಟ್ಟನ್ನು ಯಾಕೆ ಸಾಯಿಸಬೇಕು? ಜಾಸ್ತಿ ಜೋರು ಬೇಕು ಅನ್ನುವವರಿಗೂ ನಾನು ಇದನ್ನೇ ಹೇಳುತ್ತೇನೆ. ರೆಂಡರ್‌ಗೆ ಮುಂಚೆ ಮಾಸ್ಟರ್‌ನ ಮೋನೋ ಬಟನ್ (ಎಡ, ಬಲ ಎರಡನ್ನೂ ಒಂದೇ ಮಾಡುವುದು) ಒತ್ತಿಯೂ ಕೇಳಿ. ಎಷ್ಟೋ ಜನ ಕೇಳೋದು ಫೋನಿನ ಪುಟ್ಟ ಸ್ಪೀಕರಿನಲ್ಲಿ.

ಮೂಲ ಪ್ರತಿ 24 ಬಿಟ್ ವೇವ್ ಇರಲಿ. ಸೀಡಿಗೆ 16 ಬಿಟ್, 44,100 ಹರ್ಟ್ಸ್. ವಿಡಿಯೋಗೆ 48,000. ವಾಟ್ಸಾಪ್‌ಗೆ 320 ಕೆಬಿಪಿಎಸ್ ಎಂಪಿ3 ಮಾಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಪ್ರತಿಯೊಂದಕ್ಕೂ ಪ್ರಿಸೆಟ್ ಉಳಿಸಿಟ್ಟುಕೊಳ್ಳಬಹುದು.

ರೀಪರನ್ನು 60 ದಿನ ಯಾವ ಕಡಿತವೂ ಇಲ್ಲದೆ ಬಳಸಿ ನೋಡಬಹುದು. ಆಮೇಲೆ ನಮ್ಮಂಥ ಚಿಕ್ಕವರಿಗೆ ಲೈಸೆನ್ಸ್ 60 ಡಾಲರ್, ದೊಡ್ಡ ವ್ಯವಹಾರಕ್ಕೆ 225. ವರ್ಷ ವರ್ಷ ಕಟ್ಟುವ ಗೋಜಿಲ್ಲ. ಆ 60 ದಿನ ಮುಗಿದ ಮೇಲೂ ತೆರೆದುಕೊಳ್ಳುತ್ತದೆ ಅಂತ ದುಡ್ಡು ಕೊಡದೆ ನಡೆಸಬೇಡಿ. ಇದರಲ್ಲಿ ಸಂಪಾದನೆ ಮಾಡುವವರು ಮೊದಲ ಮಂಡಳಿಯ ಹಣ ಬಂದ ಕೂಡಲೇ ಲೈಸೆನ್ಸ್ ತಗೊಳ್ಳಿ.