ಹೊಳಪು ಜಾಸ್ತಿಯಾದ ಬಾನೆಟ್ ಹಿಂಜು: ನಾನು ಪರೀಕ್ಷಿಸಿದ ಐದು ಫಿನಿಶ್‌ಗಳು

ಹಳೆ ಕಾರಿಗೆ ಹೊಸ ಬಿಡಿಭಾಗ ಹಾಕಿದರೆ ಅದು ದೂರದಿಂದಲೇ ಗೊತ್ತಾಗುತ್ತದೆ. ಆಕಾರ ಸರಿಯಿರುತ್ತದೆ, ಅಳತೆಯೂ ಸರಿಯಿರುತ್ತದೆ, ಮೇಲಿನ ಲೇಪ ಮಾತ್ರ ಬೇರೆ. 1960ರ ದಶಕದ ನನ್ನ ಕಾರಿಗೆ ಬಾನೆಟ್ ಹಿಂಜು, ಸ್ಪ್ರಿಂಗು, ಬ್ರಾಕೆಟ್ಟು, ಬೋಲ್ಟು ಬದಲಿಸುವಾಗ ಐದು ಬಗೆಯ ಫಿನಿಶ್ ಮಾಡಿಸಿ ಎರಡು ವರ್ಷ ಓಡಿಸಿ ನೋಡಿದೆ.

ಮೂಲ ಫಿನಿಶ್ ಯಾವುದಿತ್ತು ಅಂತ ತಿಳಿಯಲು ವಾಷರ್ ತೆಗೆದು ನೋಡಿ. ನನ್ನ ಹಳೆ ಹಿಂಜು ಮೇಲೆಲ್ಲ ತುಕ್ಕು ಹಿಡಿದಿತ್ತು. ಆದರೆ ಬೋಲ್ಟಿನ ವಾಷರ್ ಕೂತಿದ್ದ ಜಾಗದಲ್ಲಿ ಇದ್ದಿಲಿನಂಥ ಬೂದು ಬಣ್ಣದ ಒಂದು ಉಂಗುರ ಹಾಗೇ ಉಳಿದಿತ್ತು. ಅದು ಫಾಸ್ಫೇಟ್, ಅಂದರೆ ರಾಸಾಯನಿಕ ದ್ರಾವಣದಲ್ಲಿ ಅದ್ದಿ ಉಕ್ಕಿನ ಮೇಲೆ ಮೂಡಿಸುವ ಪದರ. ಇದನ್ನು ನಾನು ನೋಡಿದ್ದು ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಕಾಯಿಸಿ ಕೂರಿಸುವ ಲೇಪ) ಮಾಡಿಸಿ ದುಡ್ಡು ಕಳೆದುಕೊಂಡ ಮೇಲೆ!

ಪೌಡರ್ ಕೋಟಿಂಗ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪ ಇರುತ್ತದೆ. ಬ್ರಾಕೆಟ್ ಮೇಲೆ ಒತ್ತಿದ್ದ ಪಾರ್ಟ್ ನಂಬರ್ ಅದರಡಿ ಮುಚ್ಚಿಹೋಯಿತು, ಚೂಪು ಅಂಚೆಲ್ಲ ದುಂಡಗಾಯಿತು. ಅರ್ತ್ ವೈರ್ ಕೂರುವ ಜಾಗಕ್ಕೂ ಬಳಿದಿದ್ದರಿಂದ ದೀಪ ಮಂಕಾಯಿತು, ಕೆರೆದು ತೆಗೆಯಬೇಕಾಯಿತು. ಬೋಲ್ಟಿನ ತಲೆಯಡಿಯ ಪದರ ಅದುಮಿಹೋಗಿ ಬಿಗಿಯೂ ಸಡಿಲವಾಯಿತು. ಬ್ಯಾಟರಿ ಟ್ರೇಗೆ ಮಾತ್ರ ಇಟ್ಟುಕೊಂಡೆ. ಆಸಿಡ್ ಹನಿಗೆ ಚೆನ್ನಾಗಿ ತಡೆಯುತ್ತಿದೆ.

ಅರೆಹೊಳಪಿನ ಕಪ್ಪು ಪೇಂಟು ಇದಕ್ಕಿಂತ ಎಷ್ಟೋ ವಾಸಿ. ತೆಳ್ಳಗೆ ಹೊಡೆದರೆ ನಂಬರ್ ಕಾಣುತ್ತದೆ. ಸ್ಪ್ಯಾನರ್ ತಾಗಿದರೆ ಏಳುತ್ತದೆ, ಆದರೆ ಬ್ರಷ್ಷಿನಲ್ಲಿ ಒಂದು ಚುಕ್ಕೆ ಇಟ್ಟರೆ ಮುಗೀತು.

ಬೋಲ್ಟುಗಳ ಕತೆ ಬೇರೆ. ಆ ಕಾಲದ ಎಷ್ಟೋ ಕಾರುಗಳಲ್ಲಿ ಕ್ಯಾಡ್ಮಿಯಂ ಲೇಪ ಇತ್ತು. ಅದು ವಿಷ. ಹಳೆ ಬೋಲ್ಟನ್ನು ಸುಮ್ನೆ ಗ್ರೈಂಡ್ ಮಾಡಬೇಡಿ, ಕಾಯಿಸಲೂ ಬೇಡಿ. ಅದರ ಬದಲಿಗೆ ಜಿಂಕ್ ಹಾಕಿಸಿದೆ. 5ರಿಂದ 8 ಮೈಕ್ರಾನ್ ಸಾಕು, ನಟ್ಟು ಸಲೀಸಾಗಿ ಹತ್ತುತ್ತದೆ. ಆದರೆ ಬಿಳಿ ಜಿಂಕಿಗೆ ಸಣ್ಣ ನೀಲಿ ಛಾಯೆ ಇರುತ್ತದೆ, ಕ್ಯಾಡ್ಮಿಯಂ ಮೆತ್ತಗಿನ ಬೂದು ಬೆಳ್ಳಿ. ನೀಲಿ ಹೋಗಲಿ ಅಂತ ಉಕ್ಕಿನ ನಾರಿನಲ್ಲಿ ಉಜ್ಜಿದೆ. ಬಣ್ಣವೇನೋ ಹೊಂದಿತು, ಆದರೆ ಜಿಂಕಿನ ಮೇಲಿನ ರಕ್ಷಣಾ ಪದರವೂ (ಇದಕ್ಕೆ ಕ್ರೋಮೇಟ್ ಅಂತಾರೆ) ಅದರ ಜೊತೆ ಹೋಯಿತು. ಸ್ವಲ್ಪ ದಿನದಲ್ಲೇ ಬಿಳಿ ಪುಡಿ ಎದ್ದಿತು. ಹಳದಿ ಜಿಂಕ್ ಆದರೆ ಅದರಲ್ಲೂ ಎರಡು ಬಗೆ. ಹಳೇ ಹೆಕ್ಸಾವೇಲೆಂಟ್ ಕ್ರೋಮೇಟಿನಲ್ಲಿ ಹಸಿರು, ಗುಲಾಬಿ ಕಾಮನಬಿಲ್ಲು ಮಿಂಚುತ್ತದೆ. ಈಗಿನ ಬಣ್ಣ ಸೇರಿಸಿದ ಟ್ರೈವೇಲೆಂಟ್ ಬಗೆ ಒಂದೇ ಸಮ ಹಳದಿ. ಬ್ರೇಕ್ ಬೂಸ್ಟರ್ ಮೇಲೆ ಇವೆರಡರ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹಿಂಜಿನ ಸ್ಪ್ರಿಂಗನ್ನೂ ಬೋಲ್ಟುಗಳ ಜೊತೆ ಜಿಂಕಿಗೆ ಕಳಿಸಿದ್ದೆ. ಜೋಡಿಸಿ ಬಾನೆಟ್ ಮುಚ್ಚಿ ಮಲಗಿದೆ. ಬೆಳಗ್ಗೆ ಸ್ಪ್ರಿಂಗು ಎರಡು ತುಂಡು. ಗಟ್ಟಿ ಉಕ್ಕನ್ನು ಆಸಿಡ್‌ನಲ್ಲಿ ತೊಳೆದು ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಒಳಗೆ ಸೇರಿ ಉಕ್ಕು ಪೆಡಸಾಗುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ, ಕ್ರೋಮೇಟ್ ಹಾಕುವ ಮುಂಚೆ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಬೇಯಿಸಬೇಕು. ನನ್ನದನ್ನು ಬೇಯಿಸಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಕಡೆಗೆ ಮ್ಯಾಂಗನೀಸ್ ಫಾಸ್ಫೇಟ್. ತೊಳೆಯಲು ಆಸಿಡ್ ಬೇಡ ಅಂತ ಹೇಳಿ ಬ್ಲಾಸ್ಟಿಂಗ್ (ಮರಳಿನಂಥ ಕಣ ರಭಸವಾಗಿ ಹೊಡೆದು ತುಕ್ಕು ತೆಗೆಯುವುದು) ಮಾಡಿಸಿದೆ. ಸ್ಪ್ರಿಂಗ್ ಮಟ್ಟಿಗೆ ಇಲ್ಲೂ ಹೈಡ್ರೋಜನ್ ಭಯ ಪೂರ್ತಿ ಹೋಗಲ್ಲ, ಹಾಗಾಗಿ ಬೇಯಿಸುವುದನ್ನು ಬಿಡಲಿಲ್ಲ. ಕೈಗೆ ಬಂದಾಗ ಮುಟ್ಟಿದರೆ ಸ್ಲೇಟಿನ ಹಾಗೆ ತರಿತರಿ. ಎಣ್ಣೆ ಸವರಿದ ಕೂಡಲೇ ಹೀರಿಕೊಂಡು ಕಪ್ಪಾಯಿತು. ಎಣ್ಣೆ ಹಾಕದೆ ಬಿಟ್ಟ ಒಂದು ಕ್ಲಿಪ್ಪು ಒಂದೇ ವಾರದಲ್ಲಿ ಕೆಂಪಾಯಿತು, ಅಷ್ಟೇ ಇದರ ತೊಂದರೆ. ತಿಂಗಳಿಗೊಮ್ಮೆ ಬಟ್ಟೆಯಲ್ಲಿ ಒರೆಸುತ್ತೇನೆ. ಪೂರ್ತಿ ಒಣಗಿದಂತೆ ಕಾಣುವ, ತುಕ್ಕಿನ ರಗಳೆಯೇ ಇಲ್ಲದ ಫಿನಿಶ್ ಬೇಕೆನ್ನುವವರಿಗೆ ಇದು ಹಿಡಿಸಲ್ಲ. ನನಗೆ ಇದೇ ಸರಿ. ಹಳೆ ಹಿಂಜಿನ ಆ ಬೂದು ಉಂಗುರದ ಪಕ್ಕ ಹೊಸದನ್ನು ಹಿಡಿದು ನೋಡಿದೆ, ಯಾವುದು ಹಳತು ಅಂತ ತುಕ್ಕು ನೋಡಿಯೇ ಹೇಳಬೇಕಿತ್ತು.