ಎಣ್ಣೆಕಾಳಿನ ಹೊಲಕ್ಕೆ ಸೆಣಬೋ, ಜೋಳದ ದಂಟೋ, ಕಾಂಪೋಸ್ಟೋ?

ಸೂರ್ಯಕಾಂತಿ ಮತ್ತು ಶೇಂಗಾ ಬೆಳೆಗಳಿಗೆ ಅಕ್ಕಪಕ್ಕದ ಪಟ್ಟಿಗಳಲ್ಲಿ ಮೂರು ಬಗೆಯ ಸಸ್ಯಶೇಷಗಳನ್ನು ಹಲವು ಹಂಗಾಮು ಹಾಕಿ ನೋಡಿದ್ದೇನೆ: ಹಸಿರೆಲೆ ಗೊಬ್ಬರಕ್ಕೆಂದೇ ಬೆಳೆದು ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದ ಸೆಣಬು, ಕತ್ತರಿಸಿ ನೇರವಾಗಿ ಬೆರೆಸಿದ ಜೋಳದ ಒಣದಂಟು, ಮತ್ತು ಅದೇ ದಂಟನ್ನು ಗುಂಡಿಯಲ್ಲಿ ಕೊಳೆಸಿ ಮಾಡಿದ ಕಾಂಪೋಸ್ಟ್. ಎರಡೂ ಬೆಳೆಗಳಿಗೆ ಒಂದೇ ಗೊಬ್ಬರ ಒಗ್ಗಲಿಲ್ಲ.

ಸೂರ್ಯಕಾಂತಿಯಲ್ಲಿ ಸೆಣಬಿನ ಪಟ್ಟಿಯೇ ಮುಂದಿತ್ತು. ಎಳೆಯ ಸೆಣಬಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ಸುಮಾರು 20 ಪಾಲಿನ ಆಸುಪಾಸಿನಲ್ಲಿರುವುದರಿಂದ, ನೆಲದಲ್ಲಿ ತೇವವಿದ್ದರೆ ಅದು ಕೆಲವೇ ವಾರಗಳಲ್ಲಿ ಕೊಳೆತು, ಗಿಡ ಎಲೆ ಹರಡುವ ಹೊತ್ತಿಗೆ ಸಾರಜನಕ ಒದಗಿಸುತ್ತದೆ. ಹೂ ಕಳೆದು ಕಾಯಿ ಬಲಿತ ಮೇಲೆ ಉತ್ತರೆ ಕಾಂಡ ನಾರುಗಟ್ಟಿ ಈ ಅನುಕೂಲ ಕೈತಪ್ಪುತ್ತದೆ. ಒಣದಂಟಿನಲ್ಲಿ ಇಂಗಾಲದ ಪಾಲು ಬಹಳ ಹೆಚ್ಚು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ತಮ್ಮ ಬೆಳವಣಿಗೆಗೆ ಹಿಡಿದಿಟ್ಟುಕೊಳ್ಳುವುದರಿಂದ ಆ ಪಟ್ಟಿಯ ಗಿಡಗಳ ಕೆಳಗಿನ ಎಲೆಗಳು ಹಳದಿಯಾದವು, ತೆನೆಗಳೂ ಚಿಕ್ಕವಾದವು. ಹಾಗೆಂದು ದಂಟನ್ನು ಸುಡುವುದನ್ನು ನಾನು ಎಂದಿಗೂ ಒಪ್ಪಲಾರೆ, ಏಕೆಂದರೆ ಸುಟ್ಟಾಗ ಸಾರಜನಕದ ಜೊತೆಗೆ, ಎಣ್ಣೆಕಾಳುಗಳಿಗೆ ಅತ್ಯಗತ್ಯವಾದ ಗಂಧಕದ ದೊಡ್ಡ ಭಾಗವೂ ಗಾಳಿಯ ಪಾಲಾಗುತ್ತದೆ. ಬಿತ್ತನೆಗೆ ಸಾಕಷ್ಟು ಮೊದಲೇ, ಸೆಣಬಿನ ಸೊಪ್ಪಿನೊಂದಿಗೆ ಬೆರೆಸಿ ಉತ್ತರೆ ದಂಟೂ ಉಪಯೋಗಕ್ಕೆ ಬರುತ್ತದೆ, ಅದರಲ್ಲಿರುವ ಪೊಟ್ಯಾಷ್ ಕೂಡ ಮಣ್ಣಿಗೆ ಸಿಗುತ್ತದೆ. ಸೊಪ್ಪು ಹೆಚ್ಚಾದಷ್ಟೂ ಒಳ್ಳೆಯದೆಂದು ಮಾತ್ರ ಭಾವಿಸಬಾರದು: ಸಾರಜನಕ ಮಿತಿಮೀರಿದರೆ ಸೂರ್ಯಕಾಂತಿ ಕಾಳಿನಲ್ಲಿ ಎಣ್ಣೆಯ ಅಂಶ ಕುಗ್ಗುತ್ತದೆ.

ಶೇಂಗಾದ ಲೆಕ್ಕವೇ ಬೇರೆ. ಬೇರಿನ ಗಂಟುಗಳ ಮೂಲಕ ತನಗೆ ಬೇಕಾದ ಸಾರಜನಕದ ಬಹುಪಾಲನ್ನು ತಾನೇ ದೊರಕಿಸಿಕೊಳ್ಳುವ ಈ ಬೆಳೆಗೆ ಸೆಣಬು ಹಾಕಿದಾಗ ಬಳ್ಳಿ ಸೊಂಪಾಗಿ ಹಬ್ಬಿತೇ ಹೊರತು ಕಾಯಿ ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ. ಅರೆಕೊಳೆತ ದಂಟು ಮೇಲ್ಮಣ್ಣಿನಲ್ಲಿ ಉಳಿದಿದ್ದ ಕಡೆ ಬುಡಕೊಳೆ ರೋಗ ಕಾಣಿಸಿಕೊಂಡಿತು. ಸ್ಕ್ಲೆರೋಷಿಯಂ ಶಿಲೀಂಧ್ರ ಇಂತಹ ಕಸದ ಮೇಲೆಯೇ ಬೆಳೆದು ಗಿಡದ ಬುಡಕ್ಕೆ ಹತ್ತುತ್ತದೆ, ಗೆದ್ದಲಿಗೂ ಅದು ಆಹಾರ. ಹೀಗಾಗಿ ಶೇಂಗಾಕ್ಕೆ ನನ್ನ ಆಯ್ಕೆ ಪೂರ್ತಿ ಕಳಿತ ಕಾಂಪೋಸ್ಟ್ ಒಂದೇ. ಅದನ್ನು ಹಾಕಿದ ನೆಲ ಮಳೆಯ ನಂತರವೂ ಗಟ್ಟಿಯಾಗದೆ ಸಡಿಲವಾಗಿ ಉಳಿಯಿತು, ಹೂವಿನಿಂದ ಹೊರಟು ಮಣ್ಣೊಳಗೆ ಕಾಯಿ ಕಟ್ಟುವ ಸೂಜಿಗಳು ಸುಲಭವಾಗಿ ಮಣ್ಣಿಗಿಳಿದವು, ಕೀಳುವಾಗ ಕಾಯಿ ಹರಿದು ನೆಲದಲ್ಲೇ ಉಳಿಯುವುದೂ ಕಡಿಮೆಯಾಯಿತು. ಗುಂಡಿ ತುಂಬುವ, ತಿರುವುವ, ಹೊರುವ ದುಡಿಮೆ ಮಾತ್ರ ಮೂರರಲ್ಲಿ ಇದಕ್ಕೇ ಅತಿ ಹೆಚ್ಚು.

ಮೂರೂ ಗೊಬ್ಬರಗಳು ಪೂರೈಸಲಾರದ ಕೊರತೆಯೊಂದು ಉಳಿಯುತ್ತದೆ. ಶೇಂಗಾ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರಬೇಕು; ಅದು ಸಾಲದಿದ್ದರೆ ಕಾಯಿ ಜೊಳ್ಳಾಗುತ್ತದೆ. ಆದ್ದರಿಂದ ಕಾಂಪೋಸ್ಟ್ ಹಾಕಿದ ಪಟ್ಟಿಗೂ ಹೂ ಬಿಡುವ ಸಮಯದಲ್ಲಿ ಬುಡದ ಸುತ್ತ ಜಿಪ್ಸಂ ಕೊಟ್ಟು ಮಣ್ಣೇರಿಸುತ್ತೇನೆ, ಅದರಿಂದ ಸುಣ್ಣದ ಜೊತೆಗೆ ಗಂಧಕವೂ ದೊರೆಯುತ್ತದೆ.