ಎರಡು ನಿಮಿಷದ ನಿಯಮ, ಎರಡು ವಾರದ ಕಲಿಕೆ: ಐದು ವಿಡಿಯೊ ಗೇಮ್‌ಗಳ ಹೋಲಿಕೆ

ಚೌಕಾಬಾರಕ್ಕೆ ಬೇಕಾದ್ದು 25 ಮನೆ, ನಾಲ್ಕು ಕವಡೆ, ತಲಾ ನಾಲ್ಕು ಕಾಯಿ. ಮೈಸೂರು ಕಡೆಯ ಮನೆಗಳಲ್ಲಿ ಅಜ್ಜಿ ಮೊಮ್ಮಕ್ಕಳಿಗೆ ಇದನ್ನು ಹೇಳಿಕೊಡಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಒಂದೇ ನಿಯಮ ಇದೆಯಲ್ಲ, ಅದರಿಂದಾಗಿ ಪ್ರತಿ ಗರಕ್ಕೂ ಯೋಚನೆ ಶುರುವಾಗುತ್ತದೆ: ಹೊಡೆಯಲು ನುಗ್ಗಬೇಕೋ, ಇರುವ ಕಾಯಿ ಉಳಿಸಿಕೊಳ್ಳಬೇಕೋ?

ವಿಡಿಯೊ ಗೇಮ್‌ಗಳನ್ನೂ ನಾವು ಇದೇ ಕಣ್ಣಿನಿಂದ ನೋಡುತ್ತೇವೆ. ನೆನಪಿಡಬೇಕಾದ್ದು ಎಷ್ಟು, ಅದಕ್ಕೆ ಬದಲಾಗಿ ಸಿಗುವ ನಿಜವಾದ ಆಯ್ಕೆಗಳು ಎಷ್ಟು? ಫ್ಯಾಕ್ಟೋರಿಯೊ, ಸಿವಿಲೈಸೇಶನ್ 6, ಬಲಾಟ್ರೊ, ವ್ಯಾಂಪೈರ್ ಸರ್ವೈವರ್ಸ್, ರಾಕೆಟ್ ಲೀಗ್ ಈ ಐದನ್ನೂ ಆಡಿ ನೋಡಿದ್ದು ಎರಡೇ ಅಳತೆಯಲ್ಲಿ: ಮೊದಲ ಅರ್ಧ ಗಂಟೆಯಲ್ಲಿ ಏನು ಸಿಗುತ್ತದೆ, ಇಪ್ಪತ್ತನೇ ಗಂಟೆಯಲ್ಲಿ ಏನು ಉಳಿದಿರುತ್ತದೆ.

ಕ್ಲಿಷ್ಟ ಗೇಮ್‌ಗಳಲ್ಲಿ ಅದಿರು ಅಗೆದು ಕಾರ್ಖಾನೆ ಕಟ್ಟುತ್ತ ಹೋಗುವ ಫ್ಯಾಕ್ಟೋರಿಯೊ ಮುಂಚೂಣಿಯಲ್ಲಿದೆ. ಪ್ರಾಗ್‌ನ ವೂಬೆ ಸಾಫ್ಟ್‌ವೇರ್ ಇದರ 1.0 ಆವೃತ್ತಿಯನ್ನು 2020ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿತು. ಮಂಡ್ಯದ ಆಲೆಮನೆ ಕಂಡವರಿಗೆ ಇದರ ತಿರುಳು ಮೊದಲೇ ಗೊತ್ತು. ಗಾಣ ಎಷ್ಟೇ ಜೋರಾಗಿ ಕಬ್ಬು ಅರೆದರೂ ಕೊಪ್ಪರಿಗೆಯಲ್ಲಿ ಕುದಿದಷ್ಟೇ ಬೆಲ್ಲ. ಒಲೆಗೆ ಒಣಗಿದ ಸಿಪ್ಪೆ ಸಾಲದಿದ್ದರೆ ಗಾಣವನ್ನೇ ನಿಲ್ಲಿಸಬೇಕು. ಇಲ್ಲಿಯೂ ಲೆಕ್ಕ ಹಾಗೆಯೇ. ಹಳದಿ ಬೆಲ್ಟ್ ಸೆಕೆಂಡಿಗೆ 15 ವಸ್ತು ಸಾಗಿಸುತ್ತದೆ. ಕಲ್ಲಿನ ಕುಲುಮೆ ಒಂದು ಕಬ್ಬಿಣದ ತಗಡಿಗೆ 3.2 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ ಒಂದು ಬೆಲ್ಟ್ ತುಂಬಲು 48 ಕುಲುಮೆ ಬೇಕು, ಎರಡು ಸಾಲಿನಲ್ಲಿ ತಲಾ 24. ಹಸಿರು ಸರ್ಕ್ಯೂಟ್‌ಗೆ ತಾಮ್ರದ ತಂತಿ ಮಾಡುವ ಯಂತ್ರ 3 ಇದ್ದರೆ ಸರ್ಕ್ಯೂಟ್ ಮಾಡುವ ಯಂತ್ರ 2. ಒಂದು ಬಾಯ್ಲರ್‌ಗೆ ಎರಡು ಸ್ಟೀಮ್ ಎಂಜಿನ್. ಈ ಮೂರು ಲೆಕ್ಕ ಬರೆದಿಟ್ಟುಕೊಂಡರೆ ಮೊದಲ ಹತ್ತು ಗಂಟೆ ನಿರಾಳ.

ಹೊಸಬರು ಎಡವುವ ಜಾಗ ಎರಡು. ಒಂದು, ಬಾಯ್ಲರ್‌ಗೆ ಕಲ್ಲಿದ್ದಲು ಹಾಕಲು ವಿದ್ಯುತ್ತಿನಿಂದ ನಡೆಯುವ ಇನ್ಸರ್ಟರ್ (ವಸ್ತುಗಳನ್ನು ಎತ್ತಿಹಾಕುವ ಯಂತ್ರದ ಕೈ) ಇಡುವುದು. ಬಳಕೆ ಹೆಚ್ಚಾಗಿ ವಿದ್ಯುತ್ ಕಡಿಮೆಯಾದೊಡನೆ ಇನ್ಸರ್ಟರ್ ನಿಧಾನವಾಗುತ್ತದೆ, ಕಲ್ಲಿದ್ದಲು ಕಡಿಮೆ ಬೀಳುತ್ತದೆ, ವಿದ್ಯುತ್ ಇನ್ನಷ್ಟು ಇಳಿಯುತ್ತದೆ, ಕೊನೆಗೆ ಇಡೀ ಕಾರ್ಖಾನೆ ಮಲಗುತ್ತದೆ. ಬಾಯ್ಲರ್ ಮುಂದೆ ಬರ್ನರ್ ಇನ್ಸರ್ಟರ್ ಇಟ್ಟರೆ ಈ ಕಾಟವಿಲ್ಲ, ಏಕೆಂದರೆ ತಾನು ಎತ್ತುವ ಕಲ್ಲಿದ್ದಲಿನಿಂದಲೇ ಅದು ನಡೆಯುತ್ತದೆ. ಇನ್ನೊಂದು, ಸುಧಾರಿತ ತೈಲ ಶುದ್ಧೀಕರಣ. ಅದರಿಂದ ಹೆವಿ ಆಯಿಲ್, ಲೈಟ್ ಆಯಿಲ್, ಪೆಟ್ರೋಲಿಯಂ ಗ್ಯಾಸ್ ಮೂರೂ ಒಟ್ಟಿಗೆ ಬರುತ್ತವೆ. ಬಳಸದ ಹೆವಿ ಆಯಿಲ್ ಟ್ಯಾಂಕ್ ತುಂಬಿದ ಕ್ಷಣ, ನಿಮಗೆ ಬೇಕಾದ ಗ್ಯಾಸ್ ಕೂಡ ನಿಲ್ಲುತ್ತದೆ. ಟ್ಯಾಂಕ್ ಮೇಲೆ ಟ್ಯಾಂಕ್ ಕಟ್ಟುವುದು ದಂಡ. ಹೆವಿಯನ್ನು ಲೈಟ್ ಆಗಿ, ಲೈಟನ್ನು ಗ್ಯಾಸ್ ಆಗಿ ಒಡೆಯುವ ಕ್ರ್ಯಾಕಿಂಗ್ ಘಟಕವನ್ನು ಶುದ್ಧೀಕರಣದ ಜೊತೆಗೇ ಹಾಕಬೇಕು.

ಇಷ್ಟು ಭಾರ ಇದ್ದೂ ಈ ಗೇಮ್ ದಣಿಸುವುದಿಲ್ಲ. ತಪ್ಪು ಕಣ್ಣಿಗೆ ಕಾಣುತ್ತದೆ ಎಂಬುದೇ ಅದಕ್ಕೆ ಕಾರಣ: ಬೆಲ್ಟ್ ಖಾಲಿಯಿದ್ದರೆ ಸರಬರಾಜು ಸಾಲದು, ತುಂಬಿ ನಿಂತಿದ್ದರೆ ಬಳಸುವ ಯಂತ್ರ ಸಾಲದು. ಹೊಸ ಯಂತ್ರಗಳೂ ಒಂದೊಂದಾಗಿ ಬರುತ್ತವೆ, ಹಿಂದಿನದು ಕೈವಶವಾದ ಮೇಲೆ. ಆದರೆ ಮೊದಲ ಅರ್ಧ ಗಂಟೆ ಸಪ್ಪೆ ಎಂಬುದು ನಿಜ. ಕೈಯಿಂದ ಅದಿರು ಅಗೆದು ಕುಲುಮೆಗೆ ಹಾಕುವುದೇ ಕೆಲಸ. ಗೇಮಿನ ಗುರಿಯಾದ ಮೊದಲ ರಾಕೆಟ್ ಹಾರಲು ಹತ್ತಾರು ಗಂಟೆ ಬೇಕು. ಕಾರ್ಖಾನೆ ಕಟ್ಟುವುದಷ್ಟೇ ಇಷ್ಟವಿದ್ದರೆ ಹೊಸ ಆಟ ತೆರೆಯುವಾಗಲೇ ದಾಳಿ ಮಾಡುವ ಶತ್ರುಗಳನ್ನು ತೆಗೆದುಹಾಕಿ.

ಬಲಾಟ್ರೊ ಇದಕ್ಕೆ ನೇರ ಎದುರು. 2024ರ ಫೆಬ್ರುವರಿಯಲ್ಲಿ ಬಂದ ಈ ಗೇಮ್‌ಗೆ ಇಸ್ಪೀಟ್ ಎಲೆ ಗೊತ್ತಿದ್ದರೆ ಅರ್ಧ ಪಾಠ ಮುಗಿದಂತೆ. ಇಸ್ಪೀಟ್ ಎಂದೊಡನೆ ಮುಖ ಗಂಟಿಕ್ಕುವ ಹಿರಿಯರಿಗೆ ಒಂದು ಮಾತು: ಇದರಲ್ಲಿ ನಿಜವಾದ ಹಣ ಕಟ್ಟಿ ಆಡುವುದಿಲ್ಲ, ಅಂಕ ದಾಟಿಸುವುದಷ್ಟೇ. ಲೆಕ್ಕ ಒಂದೇ ಗುಣಾಕಾರ. ಒಂದೇ ಜಾತಿಯ ಐದು ಎಲೆಗೆ 35 ಚಿಪ್, 4 ಮಲ್ಟ್ (ಚಿಪ್ ಅಂದರೆ ಮೂಲ ಅಂಕ, ಮಲ್ಟ್ ಅಂದರೆ ಅದನ್ನು ಗುಣಿಸುವ ಸಂಖ್ಯೆ). ಆಟೀನಿನ ಎಕ್ಕ, ರಾಜ, 9, 7, 4 ಇಳಿಸಿದರೆ ಎಲೆಗಳ 41 ಸೇರಿ 76 ಚಿಪ್. ನಾಲ್ಕರಿಂದ ಗುಣಿಸಿದರೆ 304. ಮೊದಲ ಸುತ್ತಿಗೆ ಬೇಕಾದ್ದು 300. ಒಂದೇ ಕೈಯಲ್ಲಿ ಮುಗಿಯಿತು!

ಇಷ್ಟೇ ಆಗಿದ್ದರೆ ಎರಡು ದಿನಕ್ಕೆ ಬೇಸರ ಬರುತ್ತಿತ್ತು. ಇದಕ್ಕೆ ಆಳ ಕೊಡುವುದು ಸುತ್ತುಗಳ ನಡುವೆ ಕೊಂಡುಕೊಳ್ಳುವ, ಅಂಕ ಹೆಚ್ಚಿಸುವ ಜೋಕರ್‌ಗಳು. ಅವಕ್ಕೆ ಐದೇ ಜಾಗ, ಲೆಕ್ಕ ಎಡದಿಂದ ಬಲಕ್ಕೆ. ಮಲ್ಟ್ 4 ಇದ್ದಾಗ, 4 ಕೂಡಿಸುವ ಜೋಕರ್ ಎಡಕ್ಕೂ ಮೂರು ಪಟ್ಟು ಮಾಡುವ ಜೋಕರ್ ಬಲಕ್ಕೂ ಇದ್ದರೆ 24 ಬರುತ್ತದೆ. ಅದಲುಬದಲಾದರೆ 16. ಎಲೆ ಅದೇ, ಜೋಕರ್ ಅದೇ, ಮೂರರಲ್ಲೊಂದು ಪಾಲು ನಷ್ಟ. ಗೇಮಿನೊಳಗಿನ ಹಣದಲ್ಲಿ ಉಳಿಸಿದ ಪ್ರತಿ 5 ಡಾಲರಿಗೆ 1 ಡಾಲರ್ ಬಡ್ಡಿ, ಗರಿಷ್ಠ 5. ಹಾಗಾಗಿ 25 ಡಾಲರ್ ಉಳಿಸಿಕೊಂಡು ಮಿಕ್ಕಿದ್ದನ್ನು ಖರ್ಚು ಮಾಡುವುದು ಜಾಣತನ. ಸೋಲು ಹೆಚ್ಚಾಗಿ ಐದು, ಆರನೇ ಹಂತದಲ್ಲಿ ಕಾದಿರುತ್ತದೆ. ಅಲ್ಲಿ ಬೇಕಾದ ಅಂಕ ಕ್ರಮವಾಗಿ 11,000 ಮತ್ತು 20,000ದಿಂದ ಶುರು. ಬರೀ ಕೂಡಿಸುವ ಜೋಕರ್‌ಗಳನ್ನೇ ಪೇರಿಸಿಕೊಂಡವರು ಮುಗ್ಗರಿಸುತ್ತಾರೆ. ನಾಲ್ಕನೇ ಹಂತದೊಳಗೆ ಗುಣಿಸುವ ಒಂದು ಜೋಕರ್ ಇರಲೇಬೇಕು. ಫೋನಿನಲ್ಲೂ ಸಿಗುತ್ತದೆ, ನಡುವೆ ಮುಚ್ಚಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಮೈಸೂರು–ಮಂಡ್ಯ ರೈಲಿನಲ್ಲಿ ದಿನಾ ಓಡಾಡುವವರಿಗೆ ಇದಕ್ಕಿಂತ ಒಪ್ಪುವ ಗೇಮ್ ಈ ಐದರಲ್ಲಿಲ್ಲ.

ಸರದಿಯ ಮೇಲೆ ನಗರ ಕಟ್ಟಿ ಸಾಮ್ರಾಜ್ಯ ಬೆಳೆಸುವ ಸಿವಿಲೈಸೇಶನ್ 6 (2016) ಹೆಚ್ಚು ಬೇಡುತ್ತದೆ, ಕೊನೆಕೊನೆಗೆ ಕಡಿಮೆ ಕೊಡುತ್ತದೆ. ಮೊದಲ ನೂರು ಸರದಿ ಅದ್ಭುತ. ಎರಡು ನಗರಗಳ ನಡುವೆ ಕನಿಷ್ಠ ಮೂರು ಮನೆ ಬಿಡಬೇಕು, ಬೆಟ್ಟದ ಪಕ್ಕ ಕ್ಯಾಂಪಸ್ (ವಿದ್ಯೆಯ ಬಡಾವಣೆ) ಕಟ್ಟಿದರೆ ತಾಗುವ ಪ್ರತಿ ಬೆಟ್ಟಕ್ಕೂ 1 ವಿಜ್ಞಾನ ಅಂಕ, ಜನಸಂಖ್ಯೆ 4, 7, 10 ಮುಟ್ಟಿದಾಗ ಮತ್ತೊಂದು ಬಡಾವಣೆಗೆ ಅವಕಾಶ. ನದಿ, ಬೆಟ್ಟ ನೋಡಿ ಊರು ಹೂಡುವ ಆ ಹೊತ್ತು ಎಷ್ಟು ಚೆಂದ! ಹತ್ತು ನಗರವಾದ ಮೇಲೆ ಗೆಲ್ಲುವವರು ಯಾರೆಂದು ಗೊತ್ತಾಗಿರುತ್ತದೆ. ಆದರೂ ಪ್ರತಿ ನಗರಕ್ಕೂ "ಮುಂದೇನು ಕಟ್ಟಲಿ" ಎಂದು ಕೇಳುತ್ತಲೇ ಇರುತ್ತದೆ. ಸ್ಟ್ಯಾಂಡರ್ಡ್ ವೇಗದ 500 ಸರದಿ ಬಿಟ್ಟು ಆನ್‌ಲೈನ್ ವೇಗ ಆರಿಸಿ, 250ಕ್ಕೆ ಇಳಿಯುತ್ತದೆ. ಒಬ್ಬರೇ ಆಡುವಾಗಲೂ ಆ ವೇಗ ಆರಿಸಬಹುದು.

ಇಲ್ಲಿ ಇನ್ನೊಂದು ಜಾತಿಯ ಕ್ಲಿಷ್ಟತೆಯ ಬಗ್ಗೆ ಎಚ್ಚರ ಹೇಳಲೇಬೇಕು. ಈ ಐದರ ಆಚೆಯ ಎಷ್ಟೋ ಗೇಮುಗಳಲ್ಲಿ ಮೂರು ಬಗೆಯ ನಾಣ್ಯ, ಕತ್ತಿಗೆ 2% ಹೆಚ್ಚು ಬಲ, ಕವಚಕ್ಕೆ 3%, ಭೂಪಟದ ತುಂಬ ಚುಕ್ಕಿ. ಇವು ತಲೆ ತುಂಬುತ್ತವೆಯೇ ಹೊರತು ಆಟ ಬದಲಿಸುವುದಿಲ್ಲ. ಪರೀಕ್ಷೆ ಸುಲಭ: ಸಿಕ್ಕ ಆಯುಧಗಳಲ್ಲಿ ದೊಡ್ಡ ಸಂಖ್ಯೆಯದ್ದನ್ನು ಕಣ್ಣುಮುಚ್ಚಿ ಹಾಕಿಕೊಂಡು ಒಂದು ಗಂಟೆ ಆಡಿ. ಏನೂ ವ್ಯತ್ಯಾಸ ಆಗದಿದ್ದರೆ ಆ ಪಟ್ಟಿಗಳೆಲ್ಲ ಬರೀ ಹೊರೆ. ಇದೇ ಪರೀಕ್ಷೆಯನ್ನು ಬಲಾಟ್ರೊದಲ್ಲಿ ಮಾಡಿದರೆ ಮೂರನೇ ಹಂತ ದಾಟುವುದೂ ಕಷ್ಟ.

ವ್ಯಾಂಪೈರ್ ಸರ್ವೈವರ್ಸ್ (2022) ಸರಳ ಗೇಮ್‌ಗಳಲ್ಲೂ ಸರಳ. ಮುತ್ತುವ ಶತ್ರುಗಳಿಂದ ತಪ್ಪಿಸಿಕೊಂಡು ಓಡಾಡುವುದಷ್ಟೇ ನಿಮ್ಮ ಕೆಲಸ, ಆಯುಧ ತಾನೇ ಬೀಸುತ್ತದೆ. ಆರು ಆಯುಧ, ಆರು ಸಹಾಯಕ ವಸ್ತು, 30 ನಿಮಿಷ. ಚಾಟಿಯನ್ನು 8ನೇ ಮಟ್ಟಕ್ಕೆ ಏರಿಸಿ ಹಾಲೋ ಹಾರ್ಟ್ ಎಂಬ ಸಹಾಯಕ ವಸ್ತುವನ್ನು ಜೊತೆಗಿಟ್ಟುಕೊಂಡರೆ, 10 ನಿಮಿಷ ಕಳೆದ ಮೇಲೆ ಸಿಗುವ ಪೆಟ್ಟಿಗೆಯಿಂದ ಅದು ಬ್ಲಡಿ ಟಿಯರ್ ಎಂಬ ಇನ್ನೂ ಬಲವಾದ ಆಯುಧ ಆಗುತ್ತದೆ. ಮೊದಲ ಹತ್ತು ನಿಮಿಷದ ಖುಷಿಗೆ ಸಾಟಿಯಿಲ್ಲ, ಆದರೆ ಕೊನೆಯ ಹತ್ತು ನಿಮಿಷ ಹೆಚ್ಚಾಗಿ ನೋಡುತ್ತ ಕೂರುವುದೇ. ಜೋಡಿಗಳೆಲ್ಲ ತಿಳಿದುಹೋದ ಮೇಲೆ ಇಪ್ಪತ್ತನೇ ಗಂಟೆಗೆ ಉಳಿಯುವುದು ಕಡಿಮೆ.

ರಾಕೆಟ್ ಲೀಗ್ 2015ರದ್ದು, 2020ರಿಂದ ಉಚಿತ. ಕಾರಿನಿಂದ ಚೆಂಡನ್ನು ಗೋಲಿಗೆ ತಳ್ಳಬೇಕು, ಐದು ನಿಮಿಷದ ಪಂದ್ಯ. ಕ್ಲಿಷ್ಟತೆ ಪೂರ್ತಿ ಬೆರಳಿನಲ್ಲಿದೆ. ಹೊಸಬರಾದರೆ ತಂಡದ ಮೂವರೂ ಚೆಂಡಿನ ಹಿಂದೆಯೇ ಓಡುತ್ತಾರೆ. ಒಬ್ಬರಿಗೊಬ್ಬರು ಗುದ್ದಿಕೊಂಡು ಗೋಲು ಖಾಲಿ ಬಿಡುತ್ತಾರೆ. ಹೊಡೆದವರು ಪಕ್ಕಕ್ಕೆ ಸರಿದು ಸುತ್ತಿಕೊಂಡು ಹಿಂದೆ ಬರಬೇಕು, ಮುಂದಿನವರು ಆಗ ನುಗ್ಗಬೇಕು. ಬೂಸ್ಟ್ (ಕಾರಿಗೆ ವೇಗ ಕೊಡುವ ಇಂಧನ) ಪೂರ್ತಿ ತುಂಬಿಸುವ ದೊಡ್ಡ ಜಾಗ ಮೈದಾನದಲ್ಲಿ 6 ಮಾತ್ರ, ಒಮ್ಮೆ ತೆಗೆದುಕೊಂಡರೆ ಮತ್ತೆ ಬರಲು 10 ಸೆಕೆಂಡ್. ತಲಾ 12 ಕೊಡುವ ಚಿಕ್ಕವು 28 ಇವೆ, 4 ಸೆಕೆಂಡಿಗೇ ಮರಳುತ್ತವೆ. ದೊಡ್ಡದಕ್ಕಾಗಿ ಮೂಲೆಗೆ ಓಡದೆ ದಾರಿಯಲ್ಲಿರುವ ಚಿಕ್ಕವನ್ನು ಆರಿಸಿಕೊಂಡು ಬರುವ ಅಭ್ಯಾಸವೊಂದೇ ನಿಮ್ಮ ಆಟವನ್ನು ಸುಧಾರಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಮೆರಾ ಅಲುಗಾಟವನ್ನು ಮೊದಲು ನಿಲ್ಲಿಸಿ. ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ರ‍್ಯಾಂಕ್ ಪಂದ್ಯ ಬೇಡ, ನಡುವೆ ಬಿಟ್ಟುಹೋದರೆ ದಂಡವಾಗಿ ಸ್ವಲ್ಪ ಹೊತ್ತು ಆಡಲು ಬಿಡುವುದಿಲ್ಲ. ದಸರಾ ರಜೆಗೆ ಮಕ್ಕಳು ಸೇರಿದ ಮನೆಯಲ್ಲಿ ಪರದೆ ಹಂಚಿಕೊಂಡು ಕಂಪ್ಯೂಟರ್ ನಡೆಸುವ ಎದುರಾಳಿಗಳಾದ ಬಾಟ್‌ಗಳ ಎದುರು ಆಡಿಸಿ.

ದಿನಕ್ಕೆ ಅರ್ಧ ಗಂಟೆ ಸಿಗುವವರಿಗೆ ನಮ್ಮ ಆಯ್ಕೆ ಬಲಾಟ್ರೊ, ನಾಲ್ಕು ಜನ ಸೇರುವ ಮನೆಗೆ ರಾಕೆಟ್ ಲೀಗ್. ಭಾನುವಾರ ಪೂರ್ತಿ ಬಿಡುವಿರುವವರು ಫ್ಯಾಕ್ಟೋರಿಯೊದ ಉಚಿತ ಡೆಮೊ ಇಳಿಸಿಕೊಳ್ಳಿ. ಡೆಮೊ ಮುಗಿದ ರಾತ್ರಿ ಹಾಸಿಗೆಯಲ್ಲಿ ಮಲಗಿ ಬೆಲ್ಟನ್ನು ಬೇರೆ ಹೇಗೆ ಹಾಕಬಹುದಿತ್ತು ಎಂದು ಯೋಚಿಸುತ್ತಿದ್ದರೆ ಪೂರ್ತಿ ಗೇಮ್ ಕೊಳ್ಳಿ, ಯೋಚನೆ ಬರದಿದ್ದರೆ ಬೇಡ.